ಚಂದ್ರನ ಜೀಪಿನಲ್ಲಿ ಸುತ್ತಿಗೆಗೊಂದು ಜಾಗ

ಸುತ್ತಿಗೆ ದೊಡ್ಡದೇನಲ್ಲ. ತೂಕ ಸುಮಾರು 1.3 ಕಿಲೋ, ಉದ್ದ 39 ಸೆಂಟಿಮೀಟರ್, ಅಂದರೆ ಒಂದು ಮೊಳವೂ ಇಲ್ಲ. ಉಕ್ಕಿನ ತಲೆ, ಅಲ್ಯೂಮಿನಿಯಂ ಹಿಡಿ. 1972ರ ಡಿಸೆಂಬರ್ 11ರಂದು, ಚಂದ್ರನ ಟಾರಸ್-ಲಿಟ್ರೋ ಕಣಿವೆಯಲ್ಲಿ, ಅದು ಗಗನಯಾತ್ರಿ ಯೂಜೀನ್ ಸರ್ನನ್ ಅವರ ಕಣಕಾಲಿನ ಜೇಬಿನಲ್ಲಿತ್ತು. ಅಪೋಲೊ 17ರ ಮೊದಲ ದಿನದ ಕೆಲಸ ಆಗಷ್ಟೇ ಶುರುವಾಗಿತ್ತು. ಚಂದ್ರನ ಮೇಲೆ ಓಡಿಸಲು ಒಯ್ದಿದ್ದ ಮೋಟಾರು ಗಾಡಿಯ ಪಕ್ಕದಲ್ಲಿ ಅವರು ಓಡಾಡುತ್ತಿದ್ದಾಗ ಸುತ್ತಿಗೆ ಬಲಗಡೆಯ ಹಿಂದಿನ ಮಡ್‌ಗಾರ್ಡಿಗೆ ತಗಲಿಕೊಂಡಿತು. ಗಾಳಿಯೇ ಇಲ್ಲದ ಜಾಗದಲ್ಲಿ ಮುರಿದ ಸದ್ದು ಕೇಳುವುದಿಲ್ಲ. ನೋಡಿದರೆ ಮಡ್‌ಗಾರ್ಡಿನ ಹೊರತುಂಡು ಕಳಚಿ ಬಂದಿತ್ತು.

ಸಕಲೇಶಪುರ, ಮೂಡಿಗೆರೆ ಕಡೆ ತೋಟಕ್ಕೆ ಜೀಪು ಓಡಿಸುವವರಿಗೆ ಇಂಥ ಸಂಗತಿ ಬಿಡಿಸಿ ಹೇಳಬೇಕಾಗಿಲ್ಲ. ಜಾಕ್, ಟಾಮಿ, ವೀಲ್ ಸ್ಪ್ಯಾನರ್, ಕತ್ತಿ, ಹಗ್ಗ ಎಲ್ಲವನ್ನೂ ಗೋಣಿಯಲ್ಲಿ ಬಿಗಿಯಾಗಿ ಸುತ್ತಿ, ಸೀಟಿನ ಅಡಿಗೆ ಅದುಮಿ ತುರುಕಿದ ಮೇಲೆಯೇ ಅವರು ಘಾಟಿ ಇಳಿಯುವುದು. ಬಿಡಿಯಾಗಿ ಬಿಟ್ಟ ಸ್ಪ್ಯಾನರ್ ಉರುಳಿ ಬ್ರೇಕ್ ಪೆಡಲಿನ ಕೆಳಗೆ ಸೇರಿದರೆ ಏನಾಗುತ್ತದೆಂದು ಅವರಿಗೆ ಗೊತ್ತು. ರಸ್ತೆಯಿಲ್ಲದ ಜಾಗದಲ್ಲಿ ಓಡುವ ಗಾಡಿಯಲ್ಲಿ ಉಪಕರಣ ಇಡುವ ಜಾಗವೂ ಗಾಡಿಯದೇ ಒಂದು ಭಾಗ. ಎಂಜಿನ್, ಚಕ್ರ, ಬ್ರೇಕಿನಷ್ಟೇ ಮುಖ್ಯವಾದ ಭಾಗ. ಚಂದ್ರನ ಮೇಲೆ ಈ ಪಾಠ ಕಲಿಯಲು ಮೂರೂವರೆ ವರ್ಷ, ಆರು ಯಾತ್ರೆ ಹಿಡಿಯಿತು. ಕಲಿತದ್ದು ಹೇಗೆ ಎನ್ನುವ ಕತೆ ನನಗೆ ಚಂದ್ರಯಾತ್ರೆಯ ಬೇರೆಲ್ಲ ಕತೆಗಳಿಗಿಂತ ಹತ್ತಿರದ್ದು ಅನ್ನಿಸುತ್ತದೆ.

1969ರ ಜುಲೈಯಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಇಳಿದಾಗ ಈ ಪ್ರಶ್ನೆ ಇನ್ನೂ ಹುಟ್ಟಿರಲಿಲ್ಲ. ಹೊರಗೆ ಇದ್ದದ್ದು ಎರಡೂವರೆ ಗಂಟೆ, ಅದೂ ನೌಕೆಯ ಸುತ್ತಮುತ್ತ. ಬೇಕಾದ ಸಾಮಾನು ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ನಾಲ್ಕು ತಿಂಗಳ ನಂತರ ಅಪೋಲೊ 12ರಲ್ಲಿ ಕಾನ್ರಾಡ್ ಮತ್ತು ಬೀನ್ ನೌಕೆ ಬಿಟ್ಟು ನಡೆದರು. ಕೈಯಲ್ಲಿ ಒಂದು ಚೌಕಟ್ಟು. ಅದರಲ್ಲಿ ಸುತ್ತಿಗೆ, ಸೌಟು, ಇಕ್ಕಳ, ಮಣ್ಣಿನ ಕೊಳವೆ, ಚೀಲ. ಸಂತೆಗೆ ಹೋದವರ ಕೈಚೀಲದಂತೆ ಅದು ಹೋಗುತ್ತಾ ಹಗುರ, ಬರುತ್ತಾ ಭಾರ. ಪ್ರತಿ ನಿಲ್ದಾಣದಲ್ಲೂ ಕಲ್ಲು ಸೇರುತ್ತಿತ್ತಲ್ಲ!

ಭಾರ ಹೊರುವುದಕ್ಕಿಂತ ಕಷ್ಟವಾದದ್ದು ಅದನ್ನು ಹಿಡಿದುಕೊಂಡೇ ಇರುವುದು. ಬಾಹ್ಯಾಕಾಶ ಉಡುಪಿನೊಳಗೆ ಗಾಳಿಯ ಒತ್ತಡವಿರುತ್ತದೆ, ಕೈಗವಸು ಗಾಳಿ ತುಂಬಿದ ಬಲೂನಿನ ಹಾಗೆ ಬಿಗಿಯುತ್ತದೆ. ಬೆರಳು ಮಡಿಸಿದಷ್ಟು ಹೊತ್ತೂ ಆ ಬಿಗಿತದ ಜೊತೆ ಗುದ್ದಾಡುತ್ತಿರಬೇಕು. ಸ್ವಲ್ಪ ಹೊತ್ತಿನಲ್ಲೇ ಮುಂಗೈ ಸೋಲುತ್ತದೆ. ಸೊಂಟ ಬಗ್ಗಿಸಿ ನೆಲ ಮುಟ್ಟುವುದಂತೂ ಬಹಳ ಕಷ್ಟ. ಆದ್ದರಿಂದಲೇ ಚಂದ್ರನಿಗೆ ಒಯ್ದ ಇಕ್ಕಳ, ಸೌಟುಗಳಿಗೆ ಉದ್ದುದ್ದ ಹಿಡಿ. ಕೈತಪ್ಪಿ ಬಿದ್ದ ಉಪಕರಣ ಎತ್ತಿಕೊಳ್ಳುವುದೇ ಒಂದು ದೊಡ್ಡ ಕೆಲಸ. ಹೀಗಿರುವಾಗ ಉಪಕರಣ ಕೈಯಲ್ಲೂ ಇರಬಾರದು, ನೆಲದಲ್ಲೂ ಇರಬಾರದು. ಸೊಂಟದೆತ್ತರದಲ್ಲಿ, ಕಣ್ಣಿಗೆ ಕಾಣುವಂತೆ, ಒಂದೇ ಕೈಯಲ್ಲಿ ಎಳೆದುಕೊಳ್ಳುವಂತೆ ಇರಬೇಕು.

ಇದಕ್ಕೆ ಸಿಕ್ಕ ಮೊದಲ ಉತ್ತರ ತಳ್ಳುಗಾಡಿ. 1971ರ ಫೆಬ್ರವರಿಯಲ್ಲಿ ಅಪೋಲೊ 14ರ ಶೆಪರ್ಡ್ ಮತ್ತು ಮಿಚೆಲ್ ಎರಡು ಚಕ್ರದ ಒಂದು ಪುಟ್ಟ ಗಾಡಿ ಒಯ್ದರು. ಎಲ್ಲರೂ ಅದನ್ನು ರಿಕ್ಷಾ ಎಂದೇ ಕರೆಯುತ್ತಿದ್ದರು. ಸಾರಜನಕ ತುಂಬಿದ ರಬ್ಬರ್ ಟೈರು, ಎಳೆಯಲು ಉದ್ದ ಹಿಡಿಕೆ, ಪ್ರತಿ ಉಪಕರಣಕ್ಕೂ ಗಾಡಿಯ ಮೇಲೆ ಅದರದೇ ಜಾಗ. ಸಮತಟ್ಟಿನಲ್ಲಿ ಚೆನ್ನಾಗಿಯೇ ಬಂತು. ಎರಡನೆಯ ದಿನ ಕೋನ್ ಎಂಬ ಕುಳಿಯ ಅಂಚಿಗೆ ಏರಬೇಕಿತ್ತು. ಬಂಡೆ, ಇಳಿಜಾರು, ಕಾಲು ಹೂಳುವ ಧೂಳು. ಗಾಡಿ ಎಳೆದು ಎಳೆದು ಸಾಕಾಗಿ, ಕೊನೆಗೆ ಇಬ್ಬರೂ ಅದನ್ನು ಹಿಂದೆ ಮುಂದೆ ಹಿಡಿದು ಎತ್ತಿಕೊಂಡೇ ನಡೆದರು. ಶೆಪರ್ಡ್ ಅವರ ಹೃದಯ ನಿಮಿಷಕ್ಕೆ 150 ಸಲ ಬಡಿಯುತ್ತಿತ್ತು. ಅಂಚು ಸಿಗಲೇ ಇಲ್ಲ, ಹಿಂದಿರುಗಿದರು. ಅಂಚಿನಿಂದ ಅವರು ಸುಮಾರು 30 ಮೀಟರ್ ದೂರದಲ್ಲಷ್ಟೇ ಇದ್ದರು ಎಂಬುದು ಆಮೇಲೆ ಚಂದ್ರನನ್ನು ಸುತ್ತುವ ನೌಕೆಯ ಚಿತ್ರಗಳಲ್ಲಿ ಗೊತ್ತಾಯಿತು. ಆ 30 ಮೀಟರ್ ನೆನೆದಾಗ ಈಗಲೂ ಮನಸ್ಸಿಗೆ ಪಿಚ್ಚೆನಿಸುತ್ತದೆ.

ಅಷ್ಟರಲ್ಲಿ ಮೋಟಾರು ಗಾಡಿ ಸಿದ್ಧವಾಗುತ್ತಿತ್ತು. ಮಣ್ಣಿನ ಮೇಲೆ ಚಕ್ರ ಹೇಗೆ ಹಿಡಿತ ಪಡೆಯುತ್ತದೆ ಎಂಬುದನ್ನೇ ಶಾಸ್ತ್ರವಾಗಿ ಬೆಳೆಸಿದ ಪೋಲೆಂಡ್ ಮೂಲದ ಬೆಕ್ಕರ್, ಅವರ ಜೊತೆಗಾರ ಹಂಗೇರಿ ಮೂಲದ ಎಂಜಿನಿಯರ್ ಫೆರೆಂಕ್ ಪಾವ್ಲಿಚ್, ಜನರಲ್ ಮೋಟಾರ್ಸ್ ಮತ್ತು ಬೋಯಿಂಗ್ ಸಂಸ್ಥೆಗಳು ಸೇರಿ 17 ತಿಂಗಳಲ್ಲಿ ಅದನ್ನು ಕಟ್ಟಿ ಕೊಟ್ಟರು. ತನ್ನ ತೂಕ 210 ಕಿಲೋ; ಹೊರುವುದು 490 ಕಿಲೋ. ರಬ್ಬರ್ ಟೈರಿನ ಬದಲು ಉಕ್ಕಿನ ತಂತಿಯಿಂದ ನೇಯ್ದ ಚಕ್ರ. ಚಕ್ರಕ್ಕೊಂದರಂತೆ ನಾಲ್ಕು ಪುಟ್ಟ ಮೋಟಾರು.

ಈ ಗಾಡಿ ಮಡಚಿಕೊಂಡು, ನೌಕೆಯ ಹೊರಮೈಯ ಒಂದು ಖಾನೆಯಲ್ಲಿ ಕೂರಬೇಕಿತ್ತು. ಮುಂದೆ ಆದದ್ದಕ್ಕೆಲ್ಲ ಬೇರು ಇಲ್ಲಿದೆ. ಪೂರ್ತಿ ಉದ್ದದ ಮಡ್‌ಗಾರ್ಡ್ ಇಟ್ಟರೆ ಮಡಚಿದಾಗ ಹಿಡಿಸುವುದಿಲ್ಲ. ಹಾಗಾಗಿ ಮಡ್‌ಗಾರ್ಡನ್ನು ಎರಡು ತುಂಡು ಮಾಡಿದರು: ಒಂದು ಗಾಡಿಗೆ ಅಂಟಿದ್ದು, ಇನ್ನೊಂದು ಚಂದ್ರನಲ್ಲಿ ಇಳಿಸಿದ ಮೇಲೆ ಜಾರಿಸಿ ಹೊರಗೆಳೆಯುವ ತೆಳು ತುಂಡು. ಉಪಕರಣಗಳ ಚೌಕಟ್ಟಿಗೂ ಅದೇ ಪಾಡು. ಅದು ಬೇರೆ ಖಾನೆಯಲ್ಲಿ ಪ್ರಯಾಣ ಮಾಡಿ, ಗಾಡಿ ಬಿಚ್ಚಿಕೊಂಡ ಮೇಲೆ ಬೆನ್ನಿಗೆ ಸೇರಬೇಕು.

ಆ ಚೌಕಟ್ಟು ಗಾಡಿಯ ಹಿಂಬದಿಗೆ ನಿಲ್ಲುತ್ತಿತ್ತು. ಗೇಟಿನ ಹಾಗೆ ತಿರುಗುವ ಭಾಗ. ಅದರ ಮೇಲೆ ಸೌಟು, ಇಕ್ಕಳ, ಕಲ್ಲು ಆರಿಸುವ ಕುಂಟೆ, ಕೊಳವೆಗಳು, ಕಲ್ಲಿನ ಚೀಲಗಳು. ಕುಂಟೆ ನೋಡಲು ನಮ್ಮ ತೋಟದ ಕುಂಟೆಯಂತೆಯೇ. ಹಲ್ಲುಗಳ ನಡುವೆ ಒಂದೊಂದು ಸೆಂಟಿಮೀಟರ್ ಸಂದು, ಧೂಳು ಸೋರಿ ಹರಳುಕಲ್ಲು ಮಾತ್ರ ಉಳಿಯುವಂತೆ. ನಕ್ಷೆ, ಫಿಲ್ಮಿನ ಡಬ್ಬಿ ಸೀಟಿನಡಿಯ ಚೀಲಕ್ಕೆ. ನೋಡಿದವರಿಗೆ ಒಬ್ಬ ಒಳ್ಳೆಯ ಬಡಗಿಯ ಗೋಡೆ ನೆನಪಾಗಬೇಕು: ಉಳಿ, ಗರಗಸ, ಕೀಸುಳಿ, ಒಂದೊಂದಕ್ಕೂ ಒಂದೊಂದು ಮೊಳೆ, ಕತ್ತಲಲ್ಲೂ ಕೈ ಹೋದಲ್ಲೇ ಸಿಗುವಂತೆ.

ಇಷ್ಟು ಬಿಗಿ ಏಕೆ ಬೇಕಿತ್ತು ಎಂಬುದಕ್ಕೆ ಚಂದ್ರನೇ ಕಾರಣ. ಭೂಮಿಯಲ್ಲಿ ಸಾಮಾನು ಹಿಡಿದಿಡುವ ಅರ್ಧ ಕೆಲಸವನ್ನು ಅದರ ತೂಕವೇ ಮಾಡಿಕೊಡುತ್ತದೆ. ಹತ್ತು ಕಿಲೋ ಪೆಟ್ಟಿಗೆ ಜೀಪಿನ ತಳಕ್ಕೆ ಕಚ್ಚಿ ಕೂರುವುದು ಭಾರದಿಂದ, ಆ ಭಾರ ಹುಟ್ಟಿಸುವ ತಿಕ್ಕಾಟದಿಂದ. ಚಂದ್ರನಲ್ಲಿ ಆ ಭಾರ ಆರರಲ್ಲಿ ಒಂದು ಪಾಲು. ಆದರೆ ವಸ್ತುವಿನ ಜಡತೆ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಗಾಡಿ ಬಂಡೆಗೆ ತಾಗಿ ಗಕ್ಕನೆ ನಿಂತರೆ ಸುತ್ತಿಗೆ ಭೂಮಿಯಲ್ಲಿ ಎಷ್ಟು ರಭಸದಿಂದ ಮುಂದೆ ನುಗ್ಗುತ್ತದೋ ಅಲ್ಲೂ ಅಷ್ಟೇ ರಭಸದಿಂದ ನುಗ್ಗುತ್ತದೆ. ತಡೆಯುವ ತಿಕ್ಕಾಟ ಮಾತ್ರ ಆರರಲ್ಲೊಂದು. ಮೇಲೆ ಹಾರಿದ ವಸ್ತು ಆರು ಪಟ್ಟು ಎತ್ತರ ಹೋಗುತ್ತದೆ. ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ವೇಗವೇ ಅಲ್ಲಿ ಕುದುರೆ ಸವಾರಿಯಂತೆ ಕುಲುಕುತ್ತಿತ್ತು, ಚಕ್ರಗಳು ನೆಲ ಬಿಡುತ್ತಿದ್ದವು. ಮೊದಲು ಈ ಗಾಡಿ ಓಡಿಸಿದ ಅಪೋಲೊ 15ರ ಸ್ಕಾಟ್ ಮತ್ತು ಇರ್ವಿನ್ ಅವರಿಗೆ ಸೀಟ್ ಬೆಲ್ಟೇ ಸಾಲಲಿಲ್ಲ. ಕಡಿಮೆ ತೂಕದಲ್ಲಿ ಉಡುಪು ಸೀಟಿಗೆ ಅದುಮಿಕೊಳ್ಳದೆ ಎತ್ತರದಲ್ಲೇ ಉಳಿದು, ಭೂಮಿಯಲ್ಲಿ ಅಳತೆ ಮಾಡಿದ ಬೆಲ್ಟು ಗಿಡ್ಡವಾಯಿತು. ಮುಂದಿನ ಯಾತ್ರೆಗೆ ಬೆಲ್ಟು ಬದಲಾಯಿತು. ಮನುಷ್ಯನನ್ನೇ ಹಿಡಿದಿಡುವುದು ಇಷ್ಟು ಕಷ್ಟವಾದರೆ ಸಲಾಕೆ, ಸೌಟುಗಳ ಗತಿ ಕೇಳಬೇಕೆ?

ಅಭ್ಯಾಸಕ್ಕೆ ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯವರು ಅರಿಜೋನಾದ ಫ್ಲಾಗ್‌ಸ್ಟಾಫ್‌ನಲ್ಲಿ ಕೈಗೆ ಸಿಕ್ಕ ಸಾಮಾನಿನಲ್ಲೇ ಗ್ರೋವರ್ ಎಂಬ ಗಾಡಿ ಮಾಡಿಕೊಂಡಿದ್ದರು. ಹತ್ತಿರದ ಸಿಂಡರ್ ಲೇಕ್ ಬಯಲಿನ ಕರಿಬೂದಿಯಲ್ಲಿ ಸಿಡಿಮದ್ದು ಸಿಡಿಸಿ ಚಂದ್ರನ ಕುಳಿಗಳನ್ನೇ ತೋಡಿದ್ದರು. ಇಳಿ, ಗೇಟು ತಿರುಗಿಸು, ಇಕ್ಕಳ ತೆಗೆ, ಕಲ್ಲು ಎತ್ತು, ಚೀಲಕ್ಕೆ ಹಾಕು, ಇಕ್ಕಳ ಅದೇ ಜಾಗಕ್ಕೆ ಸಿಕ್ಕಿಸು, ಹತ್ತು. ಇದನ್ನು ಕೈ ತಾನಾಗಿ ಮಾಡುವವರೆಗೂ ಮಾಡಿಸಿದರು.

ಇಷ್ಟೆಲ್ಲ ಇದ್ದರೂ ಅಪೋಲೊ 17ರ ಆ ಮೊದಲ ದಿನ ಸುತ್ತಿಗೆ ಇದ್ದದ್ದು ಜೇಬಿನಲ್ಲಿ. ಅದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಸುತ್ತಿಗೆ ಘಳಿಗೆ ಘಳಿಗೆಗೂ ಬೇಕಾಗುವಂಥದ್ದು. ಗಾರೆ ಕೆಲಸದವರ ಕರಣೆ ಸೊಂಟದಲ್ಲೇ ಇರುವಂತೆ, ಮೇಲಿಂದ ಮೇಲೆ ಬೇಕಾದದ್ದು ಮೈಮೇಲೆಯೇ ಉಳಿಯುತ್ತದೆ. ಆದರೆ ದಪ್ಪ ಉಡುಪಿನೊಳಗಿರುವವರಿಗೆ ತಮ್ಮ ಮೈಯ ಅಳತೆಯೇ ಮರೆಯುತ್ತದೆ. ಕಣಕಾಲು ಕಣ್ಣಿಗೆ ಬೀಳುವುದಿಲ್ಲ, ಅಲ್ಲಿ ಏನು ಚಾಚಿಕೊಂಡಿದೆ ಎಂಬುದು ಚರ್ಮಕ್ಕೂ ತಿಳಿಯುವುದಿಲ್ಲ.

ಮಡ್‌ಗಾರ್ಡ್ ಹೋದದ್ದು ಇದೇ ಮೊದಲೂ ಅಲ್ಲ. ಅಪೋಲೊ 15ರಲ್ಲೂ ಒಂದು ತುಂಡು ಕಳೆದಿತ್ತು. 1972ರ ಏಪ್ರಿಲ್‌ನಲ್ಲಿ ಅಪೋಲೊ 16ರ ಜಾನ್ ಯಂಗ್ ಮೈ ತಾಗಿಸಿ ಹಿಂದಿನದೊಂದನ್ನು ಬೀಳಿಸಿದ್ದರು. ಆಮೇಲೆ ಓಡಿಸಿದಷ್ಟು ದೂರವೂ ಧೂಳಿನ ಮಳೆ.

ಈ ಧೂಳಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಮ್ಮ ಮಣ್ಣುರಸ್ತೆಯಲ್ಲಿ ಎದ್ದ ಧೂಳು ಗಾಳಿಯಲ್ಲಿ ತೇಲಿ ಹಿಂದೆ ಬರುವವರ ಕಣ್ಣಿಗೆ ಬೀಳುತ್ತದೆ, ಮುಂದಿನ ಗಾಡಿಯವರು ಪಾರು. ಚಂದ್ರನಲ್ಲಿ ಗಾಳಿಯಿಲ್ಲ. ಚಕ್ರ ಎಸೆದ ಪ್ರತಿ ಕಣವೂ ಕವಣೆಯ ಕಲ್ಲಿನಂತೆ ಕಮಾನು ಹಿಡಿದು ಹಾರಿ, ಮೇಲಿಂದ ಗಾಡಿಯಲ್ಲಿ ಕೂತವರ ತಲೆಯ ಮೇಲೇ ಸುರಿಯುತ್ತದೆ. ನೀರು, ಗಾಳಿ ಸವೆಸದ ಆ ಕಣಗಳ ಅಂಚು ಒಡೆದ ಗಾಜಿನಷ್ಟು ಚೂಪು. ಧೂಳಿನ ಕಪ್ಪು ಬಣ್ಣ ಬಿಸಿಲನ್ನು ಹೀರಿ ಬ್ಯಾಟರಿಯನ್ನು ಕಾಯಿಸುತ್ತದೆ. ಬೀಗದ ಗುಂಡಿಯೊಳಗೆ, ಜಿಪ್ಪಿನೊಳಗೆ, ಕೈಗವಸಿನ ಮಣಿಕಟ್ಟಿನ ತಿರುಗಣೆಯೊಳಗೆ ಹೊಕ್ಕು ಅವನ್ನು ಕಚ್ಚಿಸಿಬಿಡುತ್ತದೆ. ಸಾಮಾನು ಅಂಟಿಸಲು ಒಯ್ದಿದ್ದ ವೆಲ್ಕ್ರೊ ಪಟ್ಟಿಗಳ ಕೊಕ್ಕೆಗಳಲ್ಲಿ ಧೂಳು ತುಂಬಿ ಅವು ಹಿಡಿಯುವುದನ್ನೇ ಬಿಟ್ಟವು. ಉಪಕರಣಗಳನ್ನು ಭದ್ರವಾಗಿ ಹಿಡಿದಿಡುವ ಏರ್ಪಾಟು ಏನೇನಿತ್ತೋ ಅದಕ್ಕೆಲ್ಲ ಧೂಳೇ ಶತ್ರು. ಆ ಧೂಳನ್ನು ತಡೆಯುವುದು ಮಡ್‌ಗಾರ್ಡ್. ಅದನ್ನೇ ಒಂದು ಉಪಕರಣ ಮುರಿದಿತ್ತು.

ಸರ್ನನ್ ಬೂದುಬಣ್ಣದ ಡಕ್ಟ್ ಟೇಪಿನ ಸುರುಳಿ ತೆಗೆದರು. ಆ ಕೈಗವಸಿನಲ್ಲಿ ಟೇಪಿನ ತುದಿ ಹುಡುಕಿ, ಎಬ್ಬಿಸಿ, ಹರಿದು ಅಂಟಿಸುವುದನ್ನು ಒಮ್ಮೆ ಊಹಿಸಿಕೊಳ್ಳಿ. ಅಂಟಿಸಬೇಕಾದ ಜಾಗದಲ್ಲಿ ಆಗಲೇ ಧೂಳು. ಟೇಪು ಕಚ್ಚಿದ್ದು ಮಡ್‌ಗಾರ್ಡನ್ನಲ್ಲ, ಧೂಳನ್ನು. ಹೇಗೋ ನಿಂತಿತು. ಆ ದಿನದ ಓಡಾಟ ಮುಗಿಯುವುದರೊಳಗೆ ಎಲ್ಲೋ ಕಳಚಿ ಬಿತ್ತು. ಸರ್ನನ್ ಮತ್ತು ಅವರ ಜೊತೆಗಾರ ಇಬ್ಬರೂ ಕಲ್ಲಿದ್ದಲ ಗಣಿಯಿಂದ ಎದ್ದು ಬಂದವರಂತೆ ನೌಕೆಗೆ ಮರಳಿದರು. ಮರುದಿನ ಹೋಗಬೇಕಿದ್ದದ್ದು ಏಳು ಕಿಲೋಮೀಟರಿಗೂ ಹೆಚ್ಚು ದೂರ. ಹಿಂದಿನ ಯಾರೂ ನೌಕೆ ಬಿಟ್ಟು ಅಷ್ಟು ದೂರ ಹೋಗಿರಲಿಲ್ಲ.

ಅವರು ಮಲಗಿದರು. ಹ್ಯೂಸ್ಟನ್‌ನಲ್ಲಿ ಮಲಗದವರ ಗುಂಪೊಂದು ಮಡ್‌ಗಾರ್ಡಿಗೆ ಬದಲಿ ಹುಡುಕತೊಡಗಿತು. ಎಂಟು ತಿಂಗಳ ಹಿಂದೆ ಧೂಳಿನ ಮಳೆಯಲ್ಲಿ ನೆನೆದಿದ್ದ ಜಾನ್ ಯಂಗ್ ಕೂಡ ಅದರಲ್ಲಿದ್ದರು. ನನ್ನ ಮಟ್ಟಿಗೆ ಈ ಕತೆಯ ನಿಜವಾದ ಆವಿಷ್ಕಾರ ಆಗಿದ್ದು ಈ ರಾತ್ರಿಯೇ. ಅಪೋಲೊ ಯಾತ್ರೆಗೆ ಒಂದು ದಾಸ್ತಾನು ಪಟ್ಟಿ ಇರುತ್ತಿತ್ತು. ನೌಕೆಯಲ್ಲಿ ಯಾವ ವಸ್ತು, ಎಷ್ಟು, ಯಾವ ಖಾನೆಯಲ್ಲಿ ಎಂಬುದೆಲ್ಲ ಅದರಲ್ಲಿ ದಾಖಲು. ಚಂದ್ರನಲ್ಲಿ ಮಲಗಿದ್ದವರನ್ನು ಎಬ್ಬಿಸಿ ‘ನಿಮ್ಮ ಹತ್ತಿರ ಏನಿದೆ’ ಎಂದು ಕೇಳಬೇಕಾಗಿರಲಿಲ್ಲ. ಭೂಮಿಯಲ್ಲಿ ಕೂತವರು ಆ ಪುಟ್ಟ ಕೋಣೆಯನ್ನು ಮನಸ್ಸಿನಲ್ಲೇ ತಡಕಾಡಬಲ್ಲವರಾಗಿದ್ದರು. ಸಿಕ್ಕಿದ್ದು ಮೂರು ವಸ್ತು: ಗಟ್ಟಿ ಹಾಳೆಯ ಮೇಲೆ ಮುದ್ರಿಸಿದ ಚಂದ್ರನ ನಕ್ಷೆಗಳು, ಡಕ್ಟ್ ಟೇಪು, ನೌಕೆಯೊಳಗಿನ ದೀಪ ಹಿಡಿದಿಡಲು ಇಟ್ಟಿದ್ದ ಕ್ಲಾಂಪುಗಳು.

ಬೆಳಗಾದಾಗ ಯಂಗ್ ರೇಡಿಯೋದಲ್ಲಿ ಒಂದೊಂದೇ ಹೆಜ್ಜೆ ಹೇಳಿಕೊಟ್ಟರು. ನಾಲ್ಕು ನಕ್ಷೆಗಳನ್ನು ಅಂಚಿನ ಮೇಲೆ ಅಂಚು ಬರುವಂತೆ ಜೋಡಿಸಿ ಟೇಪಿನಿಂದ ಒಂದೇ ಹಾಳೆ ಮಾಡಿ. ಇದನ್ನು ನೌಕೆಯ ಒಳಗೆ, ಕೈಗವಸು ಇಲ್ಲದ ಬೆರಳಲ್ಲಿ, ಧೂಳು ತಾಗುವ ಮೊದಲೇ ಮಾಡಿ. ಹಿಂದಿನ ದಿನ ಟೇಪು ಸೋತ ಕಾರಣವನ್ನು ಹೀಗೆ ಸುಲಭವಾಗಿ ದಾಟಿದರು. ಹೊರಗೆ ಹೋದ ಮೇಲೆ ಹಾಳೆಯನ್ನು ಉಳಿದ ಮಡ್‌ಗಾರ್ಡಿನ ಮೇಲೆ ಬಾಗಿಸಿ, ಎರಡು ಕ್ಲಾಂಪಿನಿಂದ ಕಚ್ಚಿಸಿ. ಅಲ್ಲಿ ಟೇಪಿಗೆ ಕೆಲಸವೇ ಇಲ್ಲ. ಧೂಳಿದ್ದರೂ ಹಿಡಿಯಬಲ್ಲದ್ದು ಕ್ಲಾಂಪು ಒಂದೇ.

ಹಾಗೆಯೇ ಮಾಡಿದರು. ಹಾಳೆ ನಿಂತಿತು.

ಆ ದಿನ ಗಾಡಿ ಕಣಿವೆಯ ತುದಿಯ ಬೆಟ್ಟದ ಬುಡದವರೆಗೆ ಹೋಯಿತು. ಹಿಂದಿರುಗುವ ದಾರಿಯಲ್ಲಿ ಶಾರ್ಟಿ ಎಂಬ, 110 ಮೀಟರ್ ಅಗಲದ ಕುಳಿಯ ಬಳಿ ನಿಂತರು. ಸರ್ನನ್ ಅವರ ಜೊತೆಗಾರ ಹ್ಯಾರಿಸನ್ ಶ್ಮಿಟ್ ಭೂವಿಜ್ಞಾನಿ. ಚಂದ್ರನ ಮೇಲೆ ನಡೆದ ಮೊದಲ ವೃತ್ತಿಪರ ವಿಜ್ಞಾನಿ. ಬೂದುಬಣ್ಣ ಬಿಟ್ಟರೆ ಬೇರೇನೂ ಇಲ್ಲದ ಆ ಲೋಕದಲ್ಲಿ, ತಮ್ಮದೇ ಬೂಟು ಕೆದಕಿದ ಜಾಗದಲ್ಲಿ, ಅವರಿಗೆ ಕಿತ್ತಳೆ ಬಣ್ಣದ ಮಣ್ಣು ಕಂಡಿತು. ಅಲ್ಲಿ ಇರಬಹುದಾದ ಹೊತ್ತು ಅರ್ಧ ಗಂಟೆಯ ಆಸುಪಾಸು. ಗಾಡಿ ಕೆಟ್ಟರೆ ನಡೆದು ನೌಕೆ ಸೇರುವಷ್ಟು ಆಮ್ಲಜನಕ ಉಳಿಸಿಕೊಳ್ಳಬೇಕು. ಆ ಅವಸರದಲ್ಲಿ ಬಿಡಿ ಬಿಡಿ ಉಪಕರಣ ಹುಡುಕುತ್ತಾ ನಿಂತಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಆದರೆ ಪ್ರತಿಯೊಂದೂ ತನ್ನ ಜಾಗದಲ್ಲಿತ್ತು. ಗುಂಡಿ ತೋಡಿದರು, ಚೀಲ ತುಂಬಿದರು, ಚಿತ್ರ ತೆಗೆದರು. ಕೊನೆಗೆ ಜೋಡು ಕೊಳವೆಯನ್ನು ನೆಲಕ್ಕೆ ಹಿಡಿದು ಸುತ್ತಿಗೆಯಿಂದ ಬಡಿದು ಇಳಿಸಿದರು. ಹಿಂದಿನ ದಿನ ಮಡ್‌ಗಾರ್ಡ್ ಮುರಿದ ಸುತ್ತಿಗೆಗೆ ಆ ದಿನ ಸಿಕ್ಕ ಕೆಲಸ ಅದು.

ಭೂಮಿಗೆ ತಂದು ನೋಡಿದರೆ ಅದು ಗಾಜು. ಸುಮಾರು 360 ಕೋಟಿ ವರ್ಷಗಳ ಹಿಂದೆ ಚಂದ್ರನ ಒಡಲಿನಿಂದ ಬೆಂಕಿಯ ಕಾರಂಜಿಯಾಗಿ ಚಿಮ್ಮಿ, ಹಾರುವಾಗಲೇ ತಣಿದ ಸಾಸಿವೆಗಿಂತ ಸಣ್ಣ ಮಣಿಗಳು. 2008ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಆಲ್ಬರ್ಟೊ ಸಾಲ್ ಮತ್ತು ಜೊತೆಗಾರರು ಅಪೋಲೊ ತಂದ ಇಂಥ ಗಾಜುಮಣಿಗಳೊಳಗೆ ನೀರಿನ ಕುರುಹು ಕಂಡರು. ಚಂದ್ರನ ಒಳಗು ಪೂರ್ತಿ ಒಣಗಿದ್ದು ಎಂಬ ನಂಬಿಕೆ ಅಲುಗಿತು. ಅದೇ ವರ್ಷದ ಅಕ್ಟೋಬರ್ 22ರಂದು ಚಂದ್ರಯಾನ-1 ಹಾರಿತು. ಬೆಂಗಳೂರಿನ ಹತ್ತಿರದ ಬ್ಯಾಲಾಳಿನ ದೊಡ್ಡ ಆಂಟೆನಾ ಅದರ ದನಿಗೆ ಕಿವಿಗೊಟ್ಟಿತ್ತು. ಅದರಲ್ಲಿದ್ದ, ಬ್ರೌನ್‌ನವರೇ ಆದ ಕಾರ್ಲೆ ಪೀಟರ್ಸ್ ಅವರ ತಂಡದ ಉಪಕರಣ ಚಂದ್ರನ ಮೇಲ್ಮೈಯಲ್ಲೂ ನೀರಿನ ಗುರುತು ಹಿಡಿದು, 2009ರ ಸೆಪ್ಟೆಂಬರ್‌ನಲ್ಲಿ ಸುದ್ದಿ ಹೊರಬಿತ್ತು.

ಮೂರನೆಯ ದಿನವೂ ನಕ್ಷೆಯ ಮಡ್‌ಗಾರ್ಡ್ ಹಾಗೇ ಇತ್ತು. ಆ ಗಾಡಿ ಮೂರು ದಿನದಲ್ಲಿ ಓಡಿದ್ದು ಸುಮಾರು 36 ಕಿಲೋಮೀಟರ್. ತಂದ ಕಲ್ಲುಮಣ್ಣು 110 ಕಿಲೋ. ಹೊರಡುವ ಮೊದಲು ಹಾಳೆಯನ್ನು ಬಿಚ್ಚಿ ಭೂಮಿಗೆ ತಂದರು. ಈಗ ಅದು ವಾಷಿಂಗ್ಟನ್ನಿನ ರಾಷ್ಟ್ರೀಯ ವಾಯು ಮತ್ತು ಬಾಹ್ಯಾಕಾಶ ಸಂಗ್ರಹಾಲಯದ ಸ್ವತ್ತು.

ಗಾಡಿ ಅಲ್ಲೇ ಉಳಿಯಿತು. ಸುತ್ತಿಗೆಯೂ. ಕೊನೆಯ ದಿನದ ಕೆಲಸ ಮುಗಿದ ಮೇಲೆ, ನೌಕೆ ಹತ್ತುವ ಮುಂಚೆ, ಶ್ಮಿಟ್ ಅದನ್ನು ಕೇಳಿ ಪಡೆದು, ತೋಳು ಬೀಸಿ, ಬಲವಾಗಿ ಎಸೆದರು. ತಡೆಯಲು ಗಾಳಿಯಿರಲಿಲ್ಲ. ತಿರುಗುತ್ತಾ ತಿರುಗುತ್ತಾ ಬಹಳ ದೂರ ಹೋಗಿ, ಆ ಕಣಿವೆಯ ಧೂಳಿನಲ್ಲಿ ಬಿತ್ತು.